ಮೊಲದ ಸೋಮವಾರ

ಅರ್ಧ ಬಾಡಿದ ಕುದುರೆ ಮೆಂತೆ ಸೊಪ್ಪಿಗೆ ಒಂದು ವಾಸನೆಯುಂಟು. ಹಸಿಯದೂ ಅಲ್ಲ, ಒಣಗಿದ್ದೂ ಅಲ್ಲ, ನಡುವೆ ಎಲ್ಲೋ ದಣಿದು ಕೂತಂಥದ್ದು. ಈ ವಯಸ್ಸಿನಲ್ಲಿ ನಾನೂ ಹೆಚ್ಚುಕಡಿಮೆ ಹಾಗೇ ಇರುವುದರಿಂದಲೋ ಏನೋ, ಸಂತೆಯಲ್ಲಿ ಆ ಸೂಡುಗಳ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಗೋಕಾಕದ ನಮ್ಮ ಮನೆಯ ಹಿತ್ತಲ ಪಡಸಾಲೆಯ ತುಂಬ ಇದೇ ವಾಸನೆಯಿತ್ತು. ಈಗ ಆ ಜಾಗದಲ್ಲಿ ಅಂಗಡಿಗಳೆದ್ದಿವೆ. ಸೊಪ್ಪು ತರುತ್ತಿದ್ದ ಕಾಕಾ ಇಲ್ಲ, ಅದನ್ನು ಮೊಲಗಳಿಗೆ ಹರಿದು ಹಾಕುತ್ತಿದ್ದ ನನ್ನಜ್ಜಿ, ನಮ್ಮ ಆಯಿಯೂ ಇಲ್ಲ. ಚಿಂತೆ ಮಾಡಲು ನಾನೊಬ್ಬಳು ಉಳಿದಿದ್ದೇನೆ. ಆ ಕೆಲಸ ಆಗಲೂ ನನ್ನದೇ ಆಗಿತ್ತು.

ಕಾಕಾ ಒಂದು ಉದ್ಯೋಗಕ್ಕೆ ನಿಲ್ಲುವವನಲ್ಲ. ಜೇನು ಸಾಕಿ ಮುಖ ಊದಿಸಿಕೊಂಡ ಮೇಲೆ, ಯಾರದೋ ಮಾತು ಕೇಳಿ ಉದ್ದ ಕೂದಲಿನ ಉಣ್ಣೆ ಮೊಲಗಳನ್ನು ತಂದ. ತಂಪು ಸೀಮೆಯ ಜೀವಗಳು. ನಮ್ಮ ಬಿಸಿಲಿಗೆ ಸತ್ತಾವೆಂದು ಬೇಸಿಗೆಯಿಡೀ ಗೂಡುಗಳಿಗೆ ಒದ್ದೆ ಗೋಣಿತಟ್ಟು ಹೊದಿಸುತ್ತಿದ್ದೆವು. ಅವುಗಳಲ್ಲಿ ಬೆಳ್ಳಿ ಎಂಬುದು ಆಯಿಯ ಜೀವ. ಅದು ಮುದುಡಿ ಕೂತರೆ ಮುಖ ಯಾವುದು, ಬೆನ್ನು ಯಾವುದು ತಿಳಿಯುತ್ತಿರಲಿಲ್ಲ. ಕೆಂಪು ಕಣ್ಣು ಕಂಡಾಗಲೇ ಖಾತ್ರಿ. ಮೂರು ತಿಂಗಳಿಗೊಮ್ಮೆ ಕೂದಲು ಸಡಿಲಾದಾಗ ಆಯಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎರಡು ಬೆರಳಲ್ಲಿ ಹೂವಿನ ಎಸಳು ಬಿಡಿಸಿದಂತೆ ಉಣ್ಣೆ ಬಿಡಿಸುತ್ತಿದ್ದಳು. ಬೆಳ್ಳಿ ಕಣ್ಣು ಮುಚ್ಚಿ ಮಲಗಿರುತ್ತಿತ್ತು.

ಆ ವರ್ಷ ಕೂದಲು ಸಡಿಲಾದದ್ದು ಶ್ರಾವಣದಲ್ಲಿ. ಕಾಕಾ ನೆನಪಿಸಿದಾಗ ಆಯಿ ಒಪ್ಪಲಿಲ್ಲ. "ಶ್ರಾವಣದಾಗ ನಿಮ್ಮ ಗಡ್ಡಕ್ಕ ಕತ್ತರಿ ಮುಟ್ಟಸಂಗಿಲ್ಲ, ಇದರ ಕೂದಲಾ ಕೀಳಬೇಕೇನೋ?" ಎಂದಳು. ಬೆಳೆದ ಗಡ್ಡ ಕೆರೆದುಕೊಳ್ಳುತ್ತ ಕಾಕಾ ಬೀಗರ ಕೆಲಸಕ್ಕೆಂದು ಮೂಡಲಗಿಗೆ ಹೋದ. ಸೋಮವಾರ ಬೆಳ್ಳಿ ಸೊಪ್ಪು ಮುಟ್ಟಲಿಲ್ಲ. ಆಯಿಯದೂ ಅಂದು ಉಪವಾಸ. ಮೊಲವೂ ಸೋಮವಾರ ಹಿಡಿದಿದೆಯೆಂದು ಅವಳಿಗೆ ಹಿಗ್ಗೋ ಹಿಗ್ಗು. ಸಂಜೆ ಆಯಿ ಉಂಡಳು, ಬೆಳ್ಳಿ ಉಣ್ಣಲಿಲ್ಲ. ಮರುದಿನ ಅದರ ಹಿಕ್ಕೆಗಳು ಕೂದಲೆಳೆಯಲ್ಲಿ ಪೋಣಿಸಿಕೊಂಡು ಸಾಲಾಗಿ ಬಿದ್ದಿದ್ದವು. ಓಣಿಯ ಹೆಂಗಸರು ಅದನ್ನು ಜಪಮಾಲೆ ಎಂದರು, ಗೂಡಿಗೆ ಕುಂಕುಮ ಹಚ್ಚಿದರು. ಬಾಜೂ ಮನೆಯ ಹಾಜರಾ ಚಾಚಿ, "ಹಂಗಾರ ರಮಜಾನಕ್ಕ ನಮ್ಮ ಮನಿಗೆ ಕಳಸ್ರಿ ಆಯೀ, ರೋಜಾನೂ ಹಿಡೀಲಿ" ಎಂದು ನಕ್ಕು, ಉಪವಾಸ ಬಿಡಲಿಕ್ಕೆ ಇರಲೆಂದು ಒಂದು ಗಜ್ಜರಿ ಇಟ್ಟುಹೋದಳು. ಗಜ್ಜರಿ ಇಟ್ಟಲ್ಲೇ ಇತ್ತು. ನನಗೆ ಮಾತ್ರ ಚಿಂತೆ ಹತ್ತಿತು. ಮೊಲದ್ದಲ್ಲ, ಪ್ರಾಣಿಗಳೇ ಹೀಗೆ ಹಟ ಹಿಡಿದರೆ ಬರುವ ಸೋಮವಾರ ನನ್ನನ್ನೂ ಉಪವಾಸ ಕೂಡಿಸುತ್ತಾರೆಂದು.

ಕಾಕಾ ಮರಳಿದವನು ಕುಂಕುಮ ನೋಡಿದ, ಹಿಕ್ಕೆಯ ಸರ ನೋಡಿದ, ಚೀಲವನ್ನೂ ಇಳಿಸದೆ ಗೂಡಿಗೆ ಕೈಹಾಕಿ ಬೆಳ್ಳಿಯ ಹೊಟ್ಟೆ ಒತ್ತಿದ. ಮೊಲ ಬೆಕ್ಕಿನಂತೆ ಮೈ ನೆಕ್ಕುತ್ತದೆ, ಆದರೆ ನುಂಗಿದ ಕೂದಲನ್ನು ಬೆಕ್ಕಿನಂತೆ ಕಾರಲು ಅದಕ್ಕೆ ಬಾರದು. ಸಡಿಲಾದ ಉಣ್ಣೆ ಹೊಟ್ಟೆಯಲ್ಲಿ ಉಂಡೆಯಾಗಿ ಕಟ್ಟಿಕೊಂಡಿದೆ ಎಂದ. ಔಡಲೆಣ್ಣೆ ಕುಡಿಸಿದರು, ಹೊಟ್ಟೆ ನೀವಿದರು. ಬೆಳಗಾಗುವಷ್ಟರಲ್ಲಿ ಬೆಳ್ಳಿ ಆಯಿಯ ತೊಡೆಯ ಮೇಲೆಯೇ ತಣ್ಣಗಾಗಿತ್ತು. ಆಯಿ ಅಳಲಿಲ್ಲ. ಅದರ ಕಿವಿ ನೀವುತ್ತ ಕೇಳಿದಳು:

"ಹಂಗಾರ ಅದಕ್ಕ ಹಸಿವಿ ಇತ್ತೇನೋ?"

ಕಾಕಾ ಸುಳ್ಳು ಹೇಳುವುದರಲ್ಲಿ ಹಿಂದೆ ಬಿದ್ದವನಲ್ಲ. ಅಂದು ಮಾತ್ರ "ಇತ್ತು ಯವ್ವಾ" ಎಂದ.

ಮುಂದಿನ ಶ್ರಾವಣದಲ್ಲಿ ಆಯಿ ಓಣಿಯೆಲ್ಲ ನೋಡುವ ಹಾಗೆ ಕಟ್ಟೆಯ ಮೇಲೆ ಕೂತು ಉಳಿದ ಮೊಲಗಳ ಉಣ್ಣೆ ಬಿಡಿಸಿದಳು. ಸೋಮವಾರ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ತಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿಸಿಕೊಂಡು ಗೂಡುಗಳ ಮುಂದೆ ಕೂತಳು. ಮದುವೆಯಾಗಿ ಬಂದಂದಿನಿಂದ ಆ ದಿನ ಹಗಲು ನೀರು ಸಹ ಮುಟ್ಟದವಳು. ಕೇಳಿದವರಿಗೆ, ತನ್ನ ಉಪವಾಸ ನೋಡಿ ಇವೂ ಕಲಿತಾವು ಎಂದಷ್ಟೇ ಹೇಳುತ್ತಿದ್ದಳು. ಸೊಪ್ಪನ್ನು ಒಳಗೆ ತೂರಿ, ತಾನೊಂದು ತುತ್ತು ಬಾಯಲ್ಲಿಟ್ಟು, ಅವು ಕಟಕಟನೆ ತಿನ್ನುವ ಸಪ್ಪಳ ಕೇಳುವವರೆಗೆ ಹಾಗೇ ಕೂತಿರುತ್ತಿದ್ದಳು. ಆಮೇಲೆ ನುಂಗುತ್ತಿದ್ದಳು. ಆ ರೊಟ್ಟಿ ಅವಳಿಗೆ ಎಂದೂ ರುಚಿಸಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ಇದ್ದಷ್ಟು ಕಾಲ, ಶ್ರಾವಣದ ಒಂದು ಸೋಮವಾರವೂ ತಟ್ಟೆಯಲ್ಲಿ ಚೂರೂ ಬಿಡಲಿಲ್ಲ.