ಮೊದಲ ಹದಿನೈದು ದಿನ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಗ್ರಂಧಿಗೆ ಅಂಗಡಿಯಲ್ಲಿ ಅತಿಮಧುರದ ಕಡ್ಡಿ ಕೇಳಿದೆ. ನನಗಲ್ಲ, ತಂಗಿಯ ಮಗಳು ಸುಧಾಗೆ. ಅಂಜನಾಪುರದ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಟ್ಟು ಜೀವನ ಮಾಡುವವಳು. ವಾರದಿಂದ ಗಂಟಲು ಕಟ್ಟಿದೆ. ಹಿಂದಿನ ದಿನ ಫೋನಿನಲ್ಲಿ, "ದೊಡ್ಡಮ್ಮ, ಕಾಯಿಲೆ ಬಿದ್ದು ಸಂಪಾದನೆ ನಿಂತ್ರೆ ಇಷ್ಟು ಅಂತ ಕೊಡೋ ಇನ್ಶೂರೆನ್ಸ್ ಇದ್ಯಂತೆ. ತಗೊಳ್ಳೋದಾ, ಇಲ್ಲ ದಂಡಾನಾ?" ಎಂದು ಕೇಳಿದ್ದಳು. ಯೋಚಿಸಿ ಹೇಳ್ತೀನಿ ಎಂದಿದ್ದೆ. ಅಂಗಡಿಯವನು ಪೊಟ್ಟಣ ಕಟ್ಟುವಾಗ ಆ ಸಿಹಿ ವಾಸನೆ ಮೂಗಿಗೆ ಬಂತು ನೋಡಿ, ಯೋಚಿಸುವ ಅಗತ್ಯವೇ ಬೀಳಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬನಶಂಕರಿ ಎರಡನೇ ಹಂತದಲ್ಲಿ, ಒಂದು ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ನಾನು ಶಾರ್ಟ್‌ಹ್ಯಾಂಡ್ ಕಲಿಸುತ್ತಿದ್ದೆ. ನಿಮಗೆ ಆ ವಿದ್ಯೆಯ ಪರಿಚಯ ಇಲ್ಲದಿದ್ದರೆ ಇಷ್ಟು ತಿಳಿದರೆ ಸಾಕು: ಮೇಷ್ಟ್ರು ಗಡಿಯಾರ ಹಿಡಿದು, ನಿಮಿಷಕ್ಕೆ ಇಂತಿಷ್ಟು ಪದ ಎಂದು ಗಟ್ಟಿಯಾಗಿ ಓದುತ್ತಾ ಹೋಗಬೇಕು, ಹುಡುಗರು ಅದನ್ನು ಸಂಕೇತದ ಗೆರೆಗಳಲ್ಲಿ ಬರೆಯುತ್ತಾ ಹೋಗಬೇಕು. ಗಂಟಲೇ ಬಂಡವಾಳ. ಕೆಳಗಿನ ಗಿರಣಿಯ ಸದ್ದನ್ನೂ ಮೀರಿಸಿ ಓದುತ್ತೇನೆಂಬ ಜಂಭ ಬೇರೆ ನನಗಿತ್ತು. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಬಾಡಿಗೆ, ಅಮ್ಮನ ಔಷಧಿ, ಎಲ್ಲವೂ ಈ ಗಂಟಲಿನಿಂದಲೇ ಬರಬೇಕಿತ್ತು.

ಗದಗದ ಕಡೆಯಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಬಸವರಾಜ ನನ್ನ ಹತ್ತಿರ ಕಲಿಯಲು ಸೇರಿದ. ಆರು ತಿಂಗಳು ಬೆವರು ಸುರಿಸಿದರೂ ತಾನು ಬರೆದದ್ದನ್ನು ತಾನೇ ಓದಲಾಗುತ್ತಿರಲಿಲ್ಲ. ಬಿಟ್ಟು ಇನ್ಶೂರೆನ್ಸ್ ಏಜೆಂಟನಾದ. ಮೊದಲು ಬಂದದ್ದು ನನ್ನ ಹತ್ತಿರವೇ.

"ಮೇಡಂರೀ, ನಿಮ್ಮ ದುಡಿಮಿ ಎಲ್ಲಾ ಗಂಟಲದಾಗ ಐತ್ರಿ. ನಾಳೆ ಅದು ಕೈಕೊಟ್ರ ಮನಿ ಹೆಂಗ ನಡಸ್ತೀರಿ?"

"ಒಳ್ಳೇ ಮಾತಾಡಪ್ಪ ಬೆಳಿಗ್ಗೆ ಬೆಳಿಗ್ಗೆ" ಎಂದು ಗದರಿದೆ. ಆದರೂ, ಕಾಯಿಲೆಯಿಂದ ಸಂಪಾದನೆ ನಿಂತರೆ ಹಣ ಕೊಡುವ ಅವನ ಪಾಲಿಸಿಗೆ ಸಹಿ ಹಾಕಿದೆ. ಅವನಿಗೆ ಕಲಿಸಲಾಗಲಿಲ್ಲವೆಂಬ ಮುಜುಗರ ನನಗಿತ್ತು, ಅದಕ್ಕೆ ಇದು ಪ್ರಾಯಶ್ಚಿತ್ತ ಅಂದುಕೊಂಡೆ. ಪ್ರತಿ ಸಲ ಕಂತು ಕಟ್ಟುವಾಗ ದಂಡ, ದಂಡ ಎಂದು ಗೊಣಗಿದ್ದೂ ಉಂಟು.

ಮೂರನೇ ವರ್ಷ ದನಿ ಒಡೆಯಿತು. ಕಷಾಯ ಕುಡಿದೆ, ಅತಿಮಧುರ ಅಗಿದೆ, ಓದುವುದನ್ನು ಮಾತ್ರ ಬಿಡಲಿಲ್ಲ. ಕೊನೆಗೆ ಡಾಕ್ಟರು ಗಂಟಲಲ್ಲಿ ಗಂಟು ಕಟ್ಟಿದೆ ಎಂದರು. "ಎರಡು ತಿಂಗಳು ಒಂದು ಮಾತೂ ಆಡ್ಬಾರ್ದು. ಪಿಸುಗುಟ್ಟೋದೂ ಬೇಡ. ಕೇಳ್ದೇ ಇದ್ರೆ ದನಿ ಮತ್ತೆ ಬರುತ್ತೆ ಅಂತ ನಾನು ಹೇಳೋಕಾಗಲ್ಲ."

ಹುಡುಗರ ಪರೀಕ್ಷೆಗೆ ಇದ್ದದ್ದೂ ಎರಡೇ ತಿಂಗಳು. ಬಾಗಿಲು ಹಾಕಿದರೆ ನನ್ನ ಹುಡುಗರೆಲ್ಲ ಪಕ್ಕದ ರಸ್ತೆಯ ಶೇಷಾದ್ರಿ ಮೇಷ್ಟ್ರ ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದರು, ಹೋದವರು ತಿರುಗಿ ಬರುತ್ತಿರಲಿಲ್ಲ. ನಿಜ ಹೇಳುತ್ತೇನೆ, ಬೇರೆ ಸಮಯವಾಗಿದ್ದರೆ ಡಾಕ್ಟರ ಮಾತನ್ನು ಗಾಳಿಗೆ ತೂರಿ, ಒಡಕು ದನಿಯಲ್ಲೇ ಓದಿ, ಇದ್ದ ದನಿಯನ್ನೂ ಕಳೆದುಕೊಳ್ಳುತ್ತಿದ್ದೆ. ಆದರೆ ಟ್ರಂಕಿನಲ್ಲಿ ಬಸವರಾಜ ಕೊಟ್ಟ ಪಾಲಿಸಿಯ ಕಾಗದವಿತ್ತು. ಆ ಧೈರ್ಯದಿಂದ ಒಂದು ಸ್ಲೇಟು ಕೊಂಡುಕೊಂಡು ಬಾಯಿ ಮುಚ್ಚಿದೆ.

ಬಸವರಾಜ ಬಂದು ಕಾಗದ ಬಿಡಿಸಿ ಓದಿದ. ಓದುತ್ತಾ ಅವನ ಮುಖ ಸಣ್ಣದಾಯಿತು.

"ಮೊದಲ ಹದಿನೈದು ದಿನಕ್ಕ ಏನೂ ಬರಂಗಿಲ್ರಿ ಮೇಡಂರೀ. ಇದನ್ನ ನಾ ಆವಾಗ ಹೇಳಿದ್ನೋ ಇಲ್ಲೋ."

ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವನು "ಆ ಹದಿನೈದು ದಿನ ನನ್ನ ಮ್ಯಾಲ ಬಿಡ್ರಿ" ಎಂದು ಅಮ್ಮನಿಂದ ತರಗತಿಯ ಬೀಗದ ಕೈ ಇಸಿದುಕೊಂಡು ಹೋದ.

ಮಾರನೆಯ ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಓದುವ ದನಿ ಕೇಳಿಸಿತು. ನನ್ನ ಕುರ್ಚಿಯಲ್ಲಿ ಶೇಷಾದ್ರಿ ಮೇಷ್ಟ್ರು ಗಡಿಯಾರ ಹಿಡಿದು ಕೂತಿದ್ದರು. ನಾಲ್ಕು ವರ್ಷಗಳಿಂದ ನಮಗೆ ಮಾತಿರಲಿಲ್ಲ. ಅವರ ಇಬ್ಬರು ಹುಡುಗರನ್ನು ನಾನು ಸೆಳೆದುಕೊಂಡೆನೆಂದು ಅವರ ದೂರು; ಇಲ್ಲವೇ ಇಲ್ಲ ಎಂದು ನಾನು ಬೀದಿಯಲ್ಲಿ ನಿಂತು ವಾದಿಸಿದ್ದೆ. ಬಸವರಾಜ ಹೋಗಿ ಅವರನ್ನೇ ಕರೆತಂದಿದ್ದ. ಪಾಠ ಮುಗಿಸಿ ನನ್ನ ಕಡೆ ತಿರುಗಿದರು.

"ನೀವು ಮಾತಾಡೋ ಹಾಗಿಲ್ವಂತೆ. ಒಳ್ಳೇದೇ ಆಯ್ತು, ನಾನು ಹೇಳೋದನ್ನ ಈಗಲಾದ್ರೂ ಕೇಳ್ತೀರ. ಬೆಳಿಗ್ಗೆ ಬ್ಯಾಚ್ ನಂದು. ಎಂಟಕ್ಕೆ ನಮ್ಮಲ್ಲಿ ಬಾಗಿಲು ತೆಗೀಬೇಕು, ಅಷ್ಟರೊಳಗೆ ಹೊರಡ್ತೀನಿ."

ಸಂಜೆಯ ಬ್ಯಾಚು ಬಸವರಾಜನದು. ಗೆರೆ ಎಳೆಯಲು ಬಾರದಿದ್ದರೇನಂತೆ, ಓದಲು ಬರುತ್ತಿತ್ತು. ಅವನ ಗದಗಿನ ರಾಗಕ್ಕೆ ಹುಡುಗಿಯರು ಎರಡು ದಿನ ನಕ್ಕರು, ಮೂರನೆಯ ದಿನ ತಲೆ ತಗ್ಗಿಸಿ ಬರೆದರು. ನಾನು ಹಿಂದಿನ ಬೆಂಚಿನ ಹತ್ತಿರ ನಿಂತು, ನಿಧಾನ, ಬೇಗ ಎಂದು ಕೈ ಆಡಿಸುತ್ತಿದ್ದೆ, ಥೇಟ್ ಟ್ರಾಫಿಕ್ ಪೊಲೀಸಿನ ಹಾಗೆ. ಹದಿನೈದು ದಿನ ಕಳೆಯಿತು. ಇಬ್ಬರೂ ನಿಲ್ಲಿಸಲಿಲ್ಲ. ಮೇಷ್ಟ್ರು ಅಮ್ಮ ಕಳಿಸುತ್ತಿದ್ದ ಕಾಫಿಯ ಹೊರತು ಏನನ್ನೂ ಮುಟ್ಟಲಿಲ್ಲ, ಅದಕ್ಕೂ ದಿನಾ ಸಕ್ಕರೆ ಜಾಸ್ತಿ ಎನ್ನುತ್ತಿದ್ದರು. ಒಬ್ಬ ಹುಡುಗನೂ ಬಿಟ್ಟು ಹೋಗಲಿಲ್ಲ.

ಎರಡು ತಿಂಗಳು ಮುಗಿಯುತ್ತಾ ಬಂದಾಗ ಬಸವರಾಜ ಕ್ಲೇಮಿನ ಅರ್ಜಿ ತಂದ. ಅವನು ಏಜೆಂಟನಾದ ಮೇಲೆ ಅದೇ ಮೊದಲ ಕ್ಲೇಮು. ಹಣ ಬಂದರೆ ಇಡೀ ಬಡಾವಣೆಗೆ ತೋರಿಸಬಹುದೆಂಬ ಉತ್ಸಾಹ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಕಾಯಿಲೆಯ ಅವಧಿಯಲ್ಲಿ ಸಂಪಾದನೆ ನಿಂತಿತ್ತೇ? ನಾನು ಸ್ಲೇಟಿನಲ್ಲಿ 'ಇಲ್ಲ' ಎಂದು ಬರೆದೆ.

"ನಿಂತಿತ್ತು ಅಂತ ಬರೀರಿ ಮೇಡಂರೀ. ನಾವು ಓದಿದ್ದು ಕಂಪನಿಯವ್ರಿಗೆ ಏನ್ ಗೊತ್ತಾಗ್ತದ್ರಿ?"

'ನಿನಗೆ ಗೊತ್ತಲ್ಲ' ಎಂದು ಬರೆದೆ.

ಅವನು ಸ್ಲೇಟನ್ನು ಎರಡು ಸಲ ಓದಿದ. ಆಮೇಲೆ, "ನನ್ನ ಕ್ಲೇಮು ನಾನ ಕೆಡಿಸಿದ್ನಲ್ರಿ" ಎಂದು ನಕ್ಕು, ಅರ್ಜಿ ಮಡಿಸಿ ಚೀಲಕ್ಕೆ ಹಾಕಿಕೊಂಡ. ನನಗೆ ಅಳು ಬಂತು. ಬಾಯಿ ಕಟ್ಟಿದ್ದರಿಂದ ಅದನ್ನೂ ಸದ್ದಿಲ್ಲದೆ ಅಳಬೇಕಾಯಿತು.

ದನಿ ಬಂದ ದಿನ ನೇರ ಪಕ್ಕದ ರಸ್ತೆಗೆ ಹೋದೆ. "ಆ ಇಬ್ಬರು ಹುಡುಗರನ್ನ ಸೆಳೆದುಕೊಂಡಿದ್ದು ನಾನೇ, ಮೇಷ್ಟ್ರೇ" ಎಂಬುದೇ ನನ್ನ ಮೊದಲ ಮಾತು.

"ಗೊತ್ತು" ಎಂದರು. "ಅವರಿಬ್ಬರೂ ಪಾಸಾಗ್ಲಿಲ್ಲ ಬಿಡಿ."

ಇನ್‌ಸ್ಟಿಟ್ಯೂಟು ಮುಚ್ಚುವವರೆಗೂ ಆ ಪಾಲಿಸಿಯನ್ನು ಮುಂದುವರಿಸಿದೆ. ಒಂದು ಪೈಸೆ ಬರಲಿಲ್ಲ, ದಂಡ ಎಂದು ಮತ್ತೆ ಗೊಣಗಲೂ ಇಲ್ಲ. ಬಾಯಿ ಮುಚ್ಚುವ ಧೈರ್ಯ ಕೊಟ್ಟದ್ದು ಅದು. ಮಿಕ್ಕದ್ದನ್ನು ನಡೆಸಿದವರು ಆ ಇಬ್ಬರು. ಅವರನ್ನು ನೆನೆಯದೆ ನಾನು ಯಾವತ್ತೂ ಗಟ್ಟಿಯಾಗಿ ಓದಿದ್ದಿಲ್ಲ.

ಮೊನ್ನೆ ಅಂಗಡಿಯಿಂದ ಮನೆಗೆ ಬಂದು ಸುಧಾಗೆ ಫೋನು ಮಾಡಿದೆ. "ತಗೋ. ಎಷ್ಟು ದಿನ ಆದ್ಮೇಲೆ ಕೊಡೋಕೆ ಶುರು ಮಾಡ್ತಾರೆ ಅಂತ ಕೇಳಿ ತಗೋ."

"ಈ ಸಲಕ್ಕೆ ಅದು ಆಗಲ್ವಲ್ಲ ದೊಡ್ಡಮ್ಮ" ಎಂದು ಪಿಸುಗುಟ್ಟಿದಳು. "ನಾಳೆ ನಾಲ್ಕಕ್ಕೆ ಮಕ್ಕಳು ಬರ್ತಾರೆ."

"ನೀನು ಮಾತಾಡ್ಬೇಡ. ನಾನು ಬರ್ತೀನಿ."

"ನಿಮಗೆ ಹಾಡೋಕೆ ಬರಲ್ವಲ್ಲ."

"ಓದೋಕೆ ಬರುತ್ತೆ. ನಾನು ಸಾಹಿತ್ಯ ಓದ್ತೀನಿ, ಅವರು ತಾಳ ಹಾಕ್ಕೊಂಡು ಹಾಡ್ಲಿ. ತಪ್ಪಿದ್ರೆ ನೀನು ಹಿಂದೆ ನಿಂತು ಕೈ ಆಡ್ಸು."

ಟ್ರಂಕಿನ ತಳದಿಂದ ಆ ಹಳೆಯ ಸ್ಲೇಟನ್ನು ತೆಗೆದು ಒರೆಸಿದೆ. ಅತಿಮಧುರದ ಪೊಟ್ಟಣದ ಜೊತೆ ಅದನ್ನೂ ಚೀಲಕ್ಕೆ ಹಾಕಿ, ಅಂಜನಾಪುರಕ್ಕೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಪಕ್ಕದ ಮನೆಯವರನ್ನು ಕೇಳಲು ಹೊರಟೆ.