ಮಾವನ ಕಾಲಿನ ಅಳತೆ

ಷಡ್ಡಕನ ಸುದ್ದಿ ಎತ್ತಿದರೆ ಸಾಕು, ದರ್ಜಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಮಾವನಿಗೆ ಅಂಗಿ, ಪ್ಯಾಂಟು ಹೊಲಿದುಕೊಟ್ಟವನು ಇವನು. ಮಾವ ಹೊಗಳುತ್ತಿದ್ದುದು ಮಾತ್ರ ನಾದಿನಿಯ ಗಂಡನನ್ನು, ಆ ಸೈಕಲ್ ರಿಪೇರಿಯವನನ್ನು. "ನನ್ನ ಚಿಕ್ಕಳಿಯ ಮುಟ್ಟಿದ್ರೆ ಸತ್ತ ಚಕ್ರಾನೂ ಎದ್ದು ತಿರುಗುತ್ತೆ!" ದೊಡ್ಡಳಿಯ ಹೊಲಿದ ಅಂಗಿಯನ್ನೇ ತೊಟ್ಟುಕೊಂಡು ಈ ಮಾತು.

ಅರವತ್ತೆಂಟರ ಮಾವನಿಗೆ, ಪ್ರಾಯದಲ್ಲಿ ಪಂದ್ಯಕ್ಕೆ ಓಡಿಸಿದಂಥ ಬಾಗಿದ ಹ್ಯಾಂಡಲಿನ ಹಳೇ ರೇಸ್ ಸೈಕಲ್ ಮತ್ತೆ ಬೇಕೆನಿಸಿತು. ಚಿಕ್ಕಳಿಯನ ಅಂಗಡಿಯಲ್ಲಿ ಅಂಥವೇ ಎರಡು ಉಕ್ಕಿನ ಫ್ರೇಮು ತೂಗುತ್ತಿದ್ದವು. ಸೀಟಿನ ಕೆಳಗಿನ ಕೊಳವೆ ಒಂದರಲ್ಲಿ ಐವತ್ನಾಲ್ಕು ಸೆಂಟಿಮೀಟರ್, ಇನ್ನೊಂದರಲ್ಲಿ ಐವತ್ತೆಂಟು.

"ನಿಮಗೆ ದೊಡ್ಡದೇ ಸರಿ ಮಾವ. ಕಾಲು ಉದ್ದ," ಎಂದ ಷಡ್ಡಕ, ಕಣ್ಣಳತೆಯಲ್ಲೇ.

ದರ್ಜಿ ಬಿಡುತ್ತಾನೆಯೇ? ಕೊರಳಿನ ಟೇಪು ಎಳೆದ. "ನೋಡಿ ಹೇಳೋಕೆ ಇದೇನು ಕುಂಬಳಕಾಯಿನಾ? ಈ ಕಾಲು ನಾನು ಅಳೆಯದ ಕಾಲಾ? ಒಳಗಾಲು ಮೂವತ್ತೆರಡು ಇಂಚು!" ತೊಡೆಸಂದಿನಿಂದ ಕೆಳಕ್ಕೆ ಅಳೆದೂ ತೋರಿಸಿದ. ಮೂವತ್ತೆರಡೇ.

ಷಡ್ಡಕ ತಲೆ ಕೆರೆದುಕೊಂಡ. "ಆ ಲೆಕ್ಕಕ್ಕೆ ಚಿಕ್ಕದೇ ಬರುತ್ತೆ ಅಣ್ಣ. ಆದ್ರೂ..."

"ಆದ್ರೂ ಗೀದ್ರೂ ಬೇಡಪ್ಪ," ಎಂದರು ಮಾವ. "ಅಳತೆ ಅಂದ್ರೆ ದೊಡ್ಡಳಿಯನದೇ. ಚಿಕ್ಕದನ್ನೇ ಕಟ್ಟು."

ಇಪ್ಪತ್ತೆರಡು ವರ್ಷಕ್ಕೆ ಒಂದು ಮಾತು! ದರ್ಜಿ ಅಂದು ನೆಲದ ಮೇಲೆ ನಡೆಯಲಿಲ್ಲ.

ಹದಿನೈದು ದಿನಕ್ಕೆ ಸೈಕಲ್ ಸಿದ್ಧವಾಯಿತು. ಮಾವ ಚಡ್ಡಿ ತೊಟ್ಟು ಬೀದಿಯ ತುದಿಗೆ ಹೋಗಿ ಬಂದರು. ಸೀಟನ್ನು ಎತ್ತುವಷ್ಟು ಎತ್ತಿದ್ದರೂ ಬೆನ್ನು ಗೂನಾಗಿತ್ತು, ತಿರುವಿನಲ್ಲಿ ಮಂಡಿ ಹ್ಯಾಂಡಲಿಗೆ ಬಡಿಯುತ್ತಿತ್ತು. ಮೊಮ್ಮಗನ ಸೈಕಲ್ ಕಸಿದುಕೊಂಡು ಬಂದವರಂತಿದ್ದರು. "ಚೆನ್ನಾಗಿದೆ," ಎಂದರು, ಸೊಂಟ ಹಿಡಿದುಕೊಂಡು. "ಅಳತೆ ತಪ್ಪಿರಲ್ಲ, ಕಟ್ಟಿದ್ದರಲ್ಲೇ ಏನೋ ಎಡವಟ್ಟು."

ಷಡ್ಡಕ ಮಾವನನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ. ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಮೂಳೆಗೆ ತಾಗುವಷ್ಟು ಮೇಲೆ ಒತ್ತಿ ಹಿಡಿಸಿದ. "ಅಣ್ಣ, ನೀವೇ ಅಳೀರಿ," ಎಂದವನು ನಟ್ಟು ಬಿಚ್ಚುವ ಪಾನಾ ಹುಡುಕಲು ಒಳಗೆ ಹೋದ.

ದರ್ಜಿ ಮಂಡಿಯೂರಿದ. ಪುಸ್ತಕದಿಂದ ನೆಲಕ್ಕೆ ಮೂವತ್ತನಾಲ್ಕೂವರೆ! ಮುಖ ಹುಳ್ಳಗಾಯಿತು. ಅಂದು ಅಳೆದದ್ದು ಪ್ಯಾಂಟನ್ನು. ಮೇಲೆ ಕೂತೇಳಲು ಸಡಿಲ, ಕೆಳಗೆ ನೆಲ ಗುಡಿಸದಂತೆ ಗಿಡ್ಡ. ಕಾಲನ್ನು ಅವನು ಅಳೆದೇ ಇರಲಿಲ್ಲ.

"ಎಷ್ಟಪ್ಪಾ?" ಮೇಲಿನಿಂದ ಮಾವ ಕೇಳಿದರು.

ಮೂವತ್ತೆರಡು ಎಂದುಬಿಟ್ಟರೆ ತಪ್ಪೆಲ್ಲ ಕಟ್ಟಿದವನ ತಲೆಗೆ. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಮೂಗಿನ ನೇರಕ್ಕೆ ಮಾವನ ಮಂಡಿ, ಹ್ಯಾಂಡಲಿಗೆ ಬಡಿದು ಕೆಂಪಾಗಿ ಊದಿಕೊಂಡದ್ದು.

"ಮೂವತ್ತನಾಲ್ಕೂವರೆ," ಎಂದ. "ತಪ್ಪು ನಂದೇ ಮಾವ."

"ಹಾಗಾದ್ರೆ ಇಷ್ಟು ವರ್ಷ ನಂಗೆ ಗಿಡ್ಡ ಪ್ಯಾಂಟು ಹಾಕಿಸಿ ಮೆರೆಸಿದ್ಯಾ?"

"ಪ್ಯಾಂಟಿಗೆ ಅಣ್ಣನ ಅಳತೆ ಸರಿಯಾಗೇ ಇದೆ ಮಾವ," ಎನ್ನುತ್ತ ಷಡ್ಡಕ ಬಂದ. ಕೈಯಲ್ಲಿ ದೊಡ್ಡ ಫ್ರೇಮು. "ಕೇಳಿದವರಿಗೂ ಕೊಡದೆ ಇಟ್ಟಿದ್ದೆ. ಬೇಕಾಗಬಹುದು ಅನ್ನಿಸ್ತು."

ಅವನು ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪಾಪಿ, ನಗಲೂ ಇಲ್ಲ. ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆಯುತ್ತಿದ್ದಂತೆಯೇ ದರ್ಜಿ ಆ ಫ್ರೇಮಿನ ಇನ್ನೊಂದು ತುದಿ ಹಿಡಿದುಕೊಂಡ.