ನೂಲಿನಂಗಡಿಯವರ ಬೆರಳು

ಹೊಳೆನರಸೀಪುರದ ನೂಲಿನಂಗಡಿಯವರಿಗೆ ದೃಷ್ಟಿ ಮಂದವಾಗಿತ್ತು. ಯಾರೇ ಕೈನೂಲಿನ ಲಡಿ ತಂದರೂ ಕಣ್ಣು ಮುಚ್ಚಿ, ಎಳೆಯನ್ನು ಎರಡು ಬೆರಳುಗಳ ನಡುವೆ ಹರಿಯಬಿಟ್ಟು, "ತಡೀರವ್ವಾ, ನೂಲೇ ಯೋಳ್ತದೆ" ಅನ್ನುತ್ತಿದ್ದರು.

ಯುದ್ಧದ ಕಾಲದ ಒಂದು ಬೇಸಿಗೆ ರಜೆಯಲ್ಲಿ ಚಿಕ್ಕಮ್ಮನ ಜೊತೆ ಅಲ್ಲಿಗೆ ಹೋಗಿದ್ದೆ. ನೂಲು ಕೊಟ್ಟು ನನಗೊಂದು ಲಂಗದ ಬಟ್ಟೆ ತರುವುದೆಂದು ಮಾತಾಗಿತ್ತು. ಅಂಗಡಿಯವರ ಬೆರಳು ಎಳೆಯ ನಡುವೆ ಒಂದೆಡೆ ಗಕ್ಕನೆ ನಿಂತಿತು.

"ಇಲ್ಲಿಂದಾಚೆಗೆ ಕೈ ಬ್ಯಾರೆ, ಅಲ್ವಾ?"

"ಅವ್ವ ಅರ್ಧಕ್ಕೇ ಬುಟ್ಟು ಓದ್ಲು. ಮಿಕ್ಕಿದ್ದ ನಾನೇ ನೂತೆ" ಎಂದಳು ಚಿಕ್ಕಮ್ಮ. ಅಜ್ಜಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅಂಗಡಿಯವರಿಗೆ ಅದು ಗೊತ್ತಿರಲಿಲ್ಲ.

ಅವರು ಲಡಿಯನ್ನು ತಕ್ಕಡಿಗೆ ಹಾಕಲೇ ಇಲ್ಲ. ಬೆರಳು ನಿಂತಲ್ಲಿ ಒಂದು ಕೆಂಪು ದಾರ ಕಟ್ಟಿ, "ಇದ ಮಾರಬ್ಯಾಡ ಕಣವ್ವಾ" ಎಂದು ಚಿಕ್ಕಮ್ಮನ ಮಡಿಲಿಗೆ ಹಾಕಿದರು. ಆ ವರ್ಷ ಲಂಗ ಬರಲಿಲ್ಲ. ನಾನು ಕೇಳಲೂ ಇಲ್ಲ.

ಆ ಲಡಿ ಈಗ ನನ್ನಲ್ಲಿದೆ. ಕಣ್ಣು ಮುಚ್ಚಿ ಎಷ್ಟೋ ಸಲ ಎಳೆ ಸವರಿ ನೋಡಿದ್ದೇನೆ. ಅಜ್ಜಿ ಎಲ್ಲಿ ಮುಗಿದಳು, ಚಿಕ್ಕಮ್ಮ ಎಲ್ಲಿ ಶುರುವಾದಳು ಎಂಬುದು ನನ್ನ ಬೆರಳಿಗೆ ಇಂದಿಗೂ ತಿಳಿಯುವುದಿಲ್ಲ, ಆ ಕೆಂಪು ದಾರ ತಗಲುವವರೆಗೆ.